ಠಾಣೆಯ ಮೇಜಿನ ಮೇಲೆ ಇಡುವ ಒಂದು ಹಾಳೆ: ಆಟಿಸಂ, ಎಡಿಎಚ್‌ಡಿ ಇರುವವರು ಪೊಲೀಸರ ಮುಂದೆ ಬಂದಾಗ ಏನು ಬೇಕು?

ಹನುಮಂತನಗರದ ಅಮ್ಮ

ಎಲ್ಲರಿಗೂ ನಮಸ್ಕಾರ. ಒಂದು ಕೆಲಸಕ್ಕೆ ನಿಮ್ಮ ಸಹಾಯ ಬೇಕು. ನಾವು ಕೆಲವು ಪೋಷಕರು ಸೇರಿ ಪೊಲೀಸ್ ಠಾಣೆಗಳಿಗೆ ಕೊಡಲು ಕನ್ನಡದಲ್ಲಿ ಒಂದು ಹಾಳೆ ಮಾಡುತ್ತಿದ್ದೇವೆ. ಆಟಿಸಂ (ಮಾತು, ಒಡನಾಟ, ಸದ್ದು ಬೆಳಕು ಗ್ರಹಿಸುವ ರೀತಿ ಬೇರೆ ಇರುವುದು), ಬೌದ್ಧಿಕ ಅಂಗವೈಕಲ್ಯ, ಎಡಿಎಚ್‌ಡಿ (ಗಮನ ಒಂದು ಕಡೆ ನಿಲ್ಲದಿರುವುದು, ಚಡಪಡಿಕೆ), ಕಲಿಕಾ ತೊಂದರೆ ಇರುವವರು ದೂರು ಕೊಡಲು ಬರಬಹುದು, ಸಾಕ್ಷಿ ಹೇಳಲು ಬರಬಹುದು, ಯಾರೋ ಹಿಡಿದು ತಂದು ನಿಲ್ಲಿಸಲೂಬಹುದು. ಆಗ ಮೊದಲ ಹತ್ತು ನಿಮಿಷ ಏನು ಮಾಡಬೇಕು ಅನ್ನುವುದು ಅದರಲ್ಲಿರಬೇಕು. ಇಂಗ್ಲಿಷಿನಲ್ಲಿ ಇಂಥ ಕೈಪಿಡಿಗಳಿಗೆ ಬರವಿಲ್ಲ. ಬ್ರಿಟನ್ನಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ ಪೊಲೀಸರಿಗಾಗಿಯೇ ಒಂದು ಮಾರ್ಗದರ್ಶಿ ತಂದಿದೆ. ಅದನ್ನೇ ತಂದು ನಮ್ಮ ಸ್ಟೇಷನ್ ರೈಟರ್ ಮುಂದೆ ಇಟ್ಟರೆ ಓದುವವರು ಯಾರು?

ಈಗ ಯಾಕೆ ಈ ಯೋಚನೆ ಬಂತು ಅಂದರೆ, ನನ್ನ ಮಗನಿಗೆ 20 ವರ್ಷ. ಗಾಡಿ ನಂಬರ್ ಅಂದರೆ ಅವನಿಗೆ ಪ್ರಾಣ. ಸಾಲಾಗಿ ನಿಂತ ಬೈಕುಗಳ ನಂಬರ್ ಓದುತ್ತಾ, ಒಂದೊಂದರ ಕನ್ನಡಿ ಮುಟ್ಟಿ ಮುಂದೆ ಹೋಗುತ್ತಾನೆ. ಒಂದು ಸಂಜೆ ಯಾರೋ ಕಳ್ಳ ಅಂದುಕೊಂಡರು. ಜನ ಸೇರಿದರು, ಪೊಲೀಸರ ಗಸ್ತು ಗಾಡಿ ಹೊಯ್ಸಳ ಬಂತು. “ನಿನ್ನ ಹೆಸರೇನು?” ಅಂದರೆ ಇವನೂ “ನಿನ್ನ ಹೆಸರೇನು” ಅಂದ. ಕೇಳಿದ್ದನ್ನೇ ತಿರುಗಿ ಹೇಳುವುದು ಅವನ ಮಾತಿನ ರೀತಿ, ಕೊಬ್ಬು ಅಲ್ಲ. “ನೀನೇ ತಾನೇ ಕನ್ನಡಿ ಬಿಚ್ಚಿದ್ದು?” ಅಂದರೆ “ಕನ್ನಡಿ ಬಿಚ್ಚಿದ್ದು” ಅಂದ. ಮುಗೀತಲ್ಲ, ಸುತ್ತ ನಿಂತವರಿಗೆಲ್ಲ ತಪ್ಪೊಪ್ಪಿಗೆ ಸಿಕ್ಕಿತು. ಹಣ್ಣಿನ ಅಂಗಡಿಯವರು ಗುರುತು ಹಿಡಿದು ನನಗೆ ಫೋನ್ ಮಾಡಿದ್ದರಿಂದ ಉಳಿದೆವು. ಹೊಯ್ಸಳದವರು ಒಳ್ಳೆಯವರೇ. ಆದರೆ ಅವರಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ.

ಹಾಳೆಯಲ್ಲಿ ಏನಿರಬೇಕು, ಏನಿರಬಾರದು, ಹೇಳಿ.


ನಿವೃತ್ತ ಎಎಸ್‌ಐ

ಮೇಡಂ, ಒಳ್ಳೆ ಕೆಲಸ. ಸರ್ವಿಸ್ ಪೂರ್ತಿ ಇದೇ ಊರಿನಲ್ಲಿ ಕಳೆದವನಾಗಿ ಒಂದು ಮಾತು ಹೇಳುತ್ತೇನೆ. ಹಾಳೆ ಯಾರಿಗೆ ಅಂತ ಮೊದಲು ತೀರ್ಮಾನ ಮಾಡಿ. ಇನ್‌ಸ್ಪೆಕ್ಟರ್ ಸಾಹೇಬರಿಗೆ ಅಂತ ಮಾಡಿದರೆ ಫೈಲಿಗೆ ಸೇರುತ್ತದೆ. ರಾತ್ರಿ ಪಾಳಿಯ ಹೆಡ್ ಕಾನ್‌ಸ್ಟೆಬಲ್‌ಗೆ, ಹೊಯ್ಸಳದಲ್ಲಿ ಕೂತವರಿಗೆ, ಬೀಟ್‌ನವರಿಗೆ ಮಾಡಿ. ಎ4 ಹಾಳೆ, ಒಂದೇ ಮಗ್ಗುಲು. ದಪ್ಪ ಅಕ್ಷರ. ಸ್ಟೇಷನ್ ಮೇಜಿನ ಗಾಜಿನ ಕೆಳಗೆ ಫೋನ್ ನಂಬರುಗಳ ಪಟ್ಟಿ ಇರುತ್ತದಲ್ಲ, ಅದರ ಪಕ್ಕ ಕೂರುವಂತಿರಬೇಕು. ಪುಸ್ತಕ ಮಾಡಿದರೆ ಬೀರುವಿನೊಳಗೆ ಹೋಗುತ್ತದೆ, ನೀವು ಕೊಟ್ಟಿದ್ದೂ ಸುಳ್ಳು, ನಾವು ಪಡೆದದ್ದೂ ಸುಳ್ಳು.

ಕಾಯಿದೆ ಸೆಕ್ಷನ್‌ಗಳನ್ನು ಮೇಲೆ ಹಾಕಬೇಡಿ. ಪೊಲೀಸರಿಗೆ ಪಾಠ ಹೇಳಲು ಬಂದರು ಅನ್ನಿಸುತ್ತದೆ. ಮೇಲೆ ಮಾಡಬೇಕಾದ್ದು, ಕೆಳಗೆ ಸಣ್ಣದಾಗಿ ಕಾಯಿದೆ.


ಹೆಡ್‌ಫೋನ್

ನಾನು ಆಟಿಸಂ ಇರುವ ವಯಸ್ಕ. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುತ್ತೇನೆ. ಈ ವಿಷಯದಲ್ಲಿ ಯಾವಾಗಲೂ ಅಪ್ಪ ಅಮ್ಮಂದಿರೇ ಮಾತಾಡುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಅಕೌಂಟಿನಿಂದ ದುಡ್ಡು ಹೋದಾಗ ದೂರು ಕೊಡಲು ಒಂದು ಠಾಣೆಗೆ ಹೋಗಿದ್ದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಆಗಲೇ ಫೋನ್ ಮಾಡಿದ್ದೆ, ಕಾಗದವೆಲ್ಲ ಜೋಡಿಸಿಕೊಂಡಿದ್ದೆ. ಆದರೆ ಒಳಗೆ ವಾಕಿಟಾಕಿ ಗರಗರ ಅನ್ನುತ್ತಲೇ ಇತ್ತು. ಒಂದು ಟ್ಯೂಬ್‌ಲೈಟ್ ಮಿಣುಕುತ್ತಿತ್ತು. ಇಬ್ಬರು ಒಟ್ಟಿಗೆ ಪ್ರಶ್ನೆ ಕೇಳುತ್ತಿದ್ದರು. ನನಗೆ ಮಾತು ನಿಂತುಹೋಯಿತು. ಮಾತು ನಿಂತುಹೋಗುವುದು ಅಂದರೆ ಹಟ ಅಲ್ಲ. ಬರುವುದೇ ಇಲ್ಲ. ಫೋನಿನಲ್ಲಿ ಟೈಪ್ ಮಾಡಿ ತೋರಿಸಲು ಹೋದೆ, “ಮಾತಾಡುವಾಗ ಫೋನ್ ಯಾಕೆ, ಒಳಗಿಡಿ” ಅಂದರು. “ಸ್ವಲ್ಪ ಕೂತಿರಿ, ಬಂದೆ” ಅಂದವರು ತುಂಬಾ ಹೊತ್ತು ಬರಲಿಲ್ಲ. ನಾನು “ಸ್ವಲ್ಪ” ಮುಗಿದ ಮೇಲೆ ಎದ್ದು ಹೋದೆ. ದೂರುದಾರ ಓಡಿಹೋದ ಅಂತ ಅಂದುಕೊಂಡಿರಬೇಕು.

ಹಾಳೆಯಲ್ಲಿ ಇದನ್ನು ಬರೆಯಿರಿ: ಒಬ್ಬರೇ ಮಾತಾಡಿ. ಒಂದು ಸಲಕ್ಕೆ ಒಂದು ಪ್ರಶ್ನೆ. ಉತ್ತರಕ್ಕೆ ಕಾಯಿರಿ, ಅದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಮತ್ತೆ ಕೇಳಬೇಡಿ, ಯಾಕಂದರೆ ನನಗೆ ಅದು ಹೊಸ ಪ್ರಶ್ನೆ, ಮೊದಲಿಂದ ಶುರು. ಬರೆದು ಅಥವಾ ಟೈಪ್ ಮಾಡಿ ಉತ್ತರಿಸಲು ಬಿಡಿ. ಕಾಯಿಸುವುದಾದರೆ ಎಷ್ಟು ಗಂಟೆಗೆ ಅಂತ ಹೇಳಿ. ಕಣ್ಣಿಗೆ ಕಣ್ಣು ಕೊಟ್ಟು ನೋಡದಿದ್ದರೆ ಸುಳ್ಳು ಹೇಳುತ್ತಿದ್ದಾನೆ ಅಂತ ತಿಳಿಯಬೇಡಿ.


ಸುಮ್ನೆ ಓದುವವನು

ಕ್ಷಮಿಸಿ, ಆದರೆ ಒಂದು ಮಾತು. ನಮ್ಮಲ್ಲಿ ಮಾಮೂಲಿ ಜನ ದೂರು ಕೊಡಲು ಹೋದರೇ ಕುರ್ಚಿ ಕೊಡುವುದು ಕಷ್ಟ. ಟ್ಯೂಬ್‌ಲೈಟ್ ಬದಲಾಯಿಸುತ್ತಾರಾ? ಹಾಳೆ ಅಂಟಿಸುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಅಷ್ಟೇ.


ನಿವೃತ್ತ ಎಎಸ್‌ಐ

ನಿಮ್ಮ ಮಾತು ಪೂರ್ತಿ ಸುಳ್ಳಲ್ಲ. ಆದರೆ ಹೆಡ್‌ಫೋನ್ ಅವರು ಕೇಳಿದ್ದರಲ್ಲಿ ದುಡ್ಡು ಬೇಕಾಗುವುದು ಯಾವುದು? ಒಬ್ಬರೇ ಮಾತಾಡುವುದು, ವಾಕಿ ಸೌಂಡ್ ಕಮ್ಮಿ ಮಾಡುವುದು, ಮಹಿಳಾ ಸಹಾಯ ಡೆಸ್ಕ್ ಹತ್ತಿರ ಸ್ವಲ್ಪ ಮರೆಯಲ್ಲಿ ಕೂರಿಸುವುದು. ಯಾವುದಕ್ಕೂ ಮಂಜೂರಾತಿ ಬೇಡ. ಬೆಳಗಿನ ರೋಲ್‌ಕಾಲ್‌ನಲ್ಲಿ ಎರಡು ನಿಮಿಷ ಓದಿ ಹೇಳಿದರೆ ಸಾಕು.

ಇನ್ನೊಂದು. ಅಮೆರಿಕದ ಉದಾಹರಣೆ ಕೊಟ್ಟು ಹೆದರಿಸುವವರಿದ್ದಾರೆ. 2016ರಲ್ಲಿ ನಾರ್ತ್ ಮಿಯಾಮಿಯಲ್ಲಿ ಆಟಿಸಂ ಇದ್ದವರೊಬ್ಬರ ಕೈಯಲ್ಲಿದ್ದ ಆಟದ ಲಾರಿಯನ್ನು ಪಿಸ್ತೂಲ್ ಅಂದುಕೊಂಡು, ಅವರನ್ನು ನೋಡಿಕೊಳ್ಳುತ್ತಿದ್ದ ಚಾರ್ಲ್ಸ್ ಕಿನ್ಸಿ ಅನ್ನುವವರಿಗೆ ಪೊಲೀಸ್ ಗುಂಡು ತಗುಲಿತು. ಆತ ನೆಲದ ಮೇಲೆ ಮಲಗಿ ಎರಡೂ ಕೈ ಮೇಲೆತ್ತಿದ್ದರು. ನಿಜ. ಆದರೆ ನಮ್ಮ ಊರಿನಲ್ಲಿ ಗುಂಡಿಗಿಂತ ಗುಂಪಿನದೇ ಭಯ ಜಾಸ್ತಿ. 2018ರ ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ ಮಕ್ಕಳ ಕಳ್ಳ ಅನ್ನುವ ವಾಟ್ಸಾಪ್ ವದಂತಿ ನಂಬಿ ಜನ ಒಬ್ಬ ಅಮಾಯಕ ಯುವಕನನ್ನು ಹೊಡೆದು ಕೊಂದರು. ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದಿದ್ದವನು. ಅವನಿಗೆ ನಮ್ಮ ಭಾಷೆಯಲ್ಲಿ ಸಮಜಾಯಿಷಿ ಹೇಳಲು ಬರುತ್ತಿರಲಿಲ್ಲ. ಮೇಡಂ ಮಗನಿಗೆ ಯಾವ ಭಾಷೆಯಲ್ಲೂ ಬರುವುದಿಲ್ಲ. ಅದಕ್ಕೆ ಹಾಳೆಯ ಮೊದಲ ಸಾಲು ಇದಾಗಿರಲಿ: “ಮೊದಲು ಜನರನ್ನು ಚದುರಿಸಿ. ವಿಚಾರಣೆ ಆಮೇಲೆ.”


ಚಿತ್ರಪಟ ಟೀಚರ್

ಎಎಸ್‌ಐ ಸರ್ ಹೇಳಿದ ಮೊದಲ ಸಾಲಿಗೆ ನನ್ನದೂ ಒಂದು ಓಟು. ನಾನು ವಿಶೇಷ ಶಿಕ್ಷಕಿ. ಹಾಳೆಗೆ ಕೆಲವು ಸಾಲು ಸೇರಿಸುತ್ತೇನೆ.

ಪ್ರಶ್ನೆ ಕೇಳುವ ರೀತಿಯಲ್ಲೇ ಅರ್ಧ ಕೇಸು ಇರುತ್ತದೆ. “ಹೊಡೆದೆಯಾ, ಇಲ್ಲವಾ?” ಅಂದರೆ ನಮ್ಮ ಎಷ್ಟೋ ಮಕ್ಕಳು ಕೊನೆಯ ಮಾತನ್ನೇ ಹೇಳುತ್ತಾರೆ, “ಇಲ್ಲವಾ”. ಅದನ್ನೇ ತಿರುಗಿಸಿ “ಹೊಡೆದಿಲ್ಲವಾ, ಹೊಡೆದೆಯಾ?” ಅಂತ ಕೇಳಿ ನೋಡಿ, “ಹೊಡೆದೆಯಾ” ಅನ್ನುತ್ತಾರೆ. ಎರಡೂ ಉತ್ತರ ಅಲ್ಲ. ಹೌದು ಇಲ್ಲ ಪ್ರಶ್ನೆ ಬಿಟ್ಟು “ಆಗ ಏನಾಯಿತು?” ಅಂತ ಕೇಳಿ. ಅದೂ ಆಗದಿದ್ದರೆ ಚಿತ್ರ ತೋರಿಸಿ, ಬೊಂಬೆ ಕೊಡಿ, ಕಾಗದ ಪೆನ್ಸಿಲ್ ಕೊಡಿ.

ಇನ್ನು ಕೆಲವರಿಗೆ ದೊಡ್ಡವರು ಏನು ಕೇಳಿದರೂ “ಹೂಂ” ಅನ್ನುವುದು ಅಭ್ಯಾಸವಾಗಿರುತ್ತದೆ. ಸ್ಕೂಲಿನಲ್ಲಿ, ಮನೆಯಲ್ಲಿ, ಥೆರಪಿಯಲ್ಲಿ ನಾವೇ ಕಲಿಸಿದ್ದು. ಹೂಂ ಅಂದರೆ ಶಭಾಷ್ ಸಿಗುತ್ತದೆ, ಊಹೂಂ ಅಂದರೆ ಬೈಗುಳ. ಠಾಣೆಯಲ್ಲೂ ಅದೇ ಮಾಡುತ್ತಾರೆ. ಯೂನಿಫಾರ್ಮ್ ಕಂಡರಂತೂ ಕೇಳಲೇಬೇಡಿ.

ನುಡಿಗಟ್ಟು ಬಳಸಬೇಡಿ ಅಂತ ದಯವಿಟ್ಟು ಹಾಕಿ. ಒಬ್ಬ ಹುಡುಗನಿಗೆ “ಬಾಯಿ ಬಿಡೋ” ಅಂದರೆ ಹಲ್ಲು ಡಾಕ್ಟರ ಮುಂದೆ ಕೂತವನ ಹಾಗೆ ಬಾಯಿ ತೆರೆದುಕೊಂಡು ನಿಂತ. ಅಣಕಿಸುತ್ತಿದ್ದಾನೆ ಅಂದುಕೊಂಡರು. ಪಾಪ, ಅವನು ಹೇಳಿದ ಮಾತು ಕೇಳಿದ್ದ ಅಷ್ಟೇ.

ಮೈ ಕುಲುಕುವುದು, ಕೈ ಬಡಿಯುವುದು, ಸುತ್ತುವುದು, ಇದನ್ನು ತಡೆಯಬೇಡಿ. ಅದು ಅವರು ತಮ್ಮನ್ನು ತಾವು ಸಮಾಧಾನ ಮಾಡಿಕೊಳ್ಳುವ ದಾರಿ. ತಡೆದರೆ ಜಾಸ್ತಿ ಆಗುತ್ತದೆ. ಹಿಂದಿನಿಂದ ಮುಟ್ಟಬೇಡಿ. ಮುಟ್ಟಲೇಬೇಕಾದರೆ “ಈಗ ನಿಮ್ಮ ಜೇಬು ನೋಡುತ್ತೇನೆ” ಅಂತ ಹೇಳಿ ಆಮೇಲೆ ಮುಟ್ಟಿ.


ಯಲಹಂಕದ ಅಪ್ಪ

ಎಲ್ಲ ಸರಿ. ಆದರೆ ಪೊಲೀಸರಿಗೆ ಹೇಗೆ ಗೊತ್ತಾಗಬೇಕು? ಕಾರ್ಡ್ ಮಾಡಿ ಕೊರಳಿಗೆ ಹಾಕಿ ಅನ್ನುತ್ತೀರಿ, ಮುಂದಿನ ಮಾತು ಅದೇ ಅಂತ ನನಗೆ ಗೊತ್ತು. ನನ್ನ ಮಗಳ ಕೊರಳಿಗೆ ನಾನು ಬೋರ್ಡ್ ನೇತುಹಾಕುವುದಿಲ್ಲ. ಅವಳು ಒಬ್ಬಳೇ ಬಸ್ಸಿನಲ್ಲಿ ಓಡಾಡಲು ಕಲಿತಿದ್ದಾಳೆ. “ಇವಳಿಗೆ ತಿಳಿಯೋದಿಲ್ಲ” ಅಂತ ಬೋರ್ಡ್ ಓದಿದ ಕೂಡಲೇ ಒಳ್ಳೆಯವರಿಗಿಂತ ಕೆಟ್ಟವರೇ ಮೊದಲು ಹತ್ತಿರ ಬರುತ್ತಾರೆ.


ಹೆಡ್‌ಫೋನ್

ಕಾರ್ಡ್ ಜೇಬಿನಲ್ಲಿ ಇರಲಿ, ಕೊರಳಲ್ಲಿ ಬೇಡ. ತೋರಿಸುವುದು ಬಿಡುವುದು ನನ್ನ ಇಷ್ಟ. ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಸೂರ್ಯಕಾಂತಿ ಹೂವಿನ ಹಸಿರು ಲ್ಯಾನ್ಯಾರ್ಡ್ (ಕೊರಳ ಪಟ್ಟಿ) ಕೊಡುತ್ತಾರೆ, ನಾನು ಅಲ್ಲಿ ಹಾಕಿಕೊಳ್ಳುತ್ತೇನೆ. ಕಣ್ಣಿಗೆ ಕಾಣದ ತೊಂದರೆ ಇದೆ, ಸ್ವಲ್ಪ ಸಮಯ ಕೊಡಿ ಅನ್ನುವುದಷ್ಟೇ ಅದರ ಅರ್ಥ. ಏನು ತೊಂದರೆ ಅಂತ ಬರೆದಿರುವುದಿಲ್ಲ. ಹೊರಗೆ ಬಂದ ಮೇಲೆ ತೆಗೆದು ಬ್ಯಾಗಿಗೆ ಹಾಕುತ್ತೇನೆ. ಮೆಜೆಸ್ಟಿಕ್‌ನಲ್ಲಿ ಅದನ್ನು ಹಾಕಿಕೊಂಡರೆ ಹೊಸ ಮೊಬೈಲ್ ಕಂಪನಿಯವನು ಅಂದುಕೊಳ್ಳುತ್ತಾರೆ.

ನನ್ನ ಕಾರ್ಡಿನಲ್ಲಿ ರೋಗದ ಹೆಸರಿಗಿಂತ ಮೊದಲು ಬೇಕಾದ್ದು ಇದೆ. “ಗಾಬರಿಯಾದರೆ ನನಗೆ ಮಾತು ಬರುವುದಿಲ್ಲ. ಬರೆದು ಉತ್ತರಿಸುತ್ತೇನೆ. ದಯವಿಟ್ಟು ಮುಟ್ಟಬೇಡಿ. ಈ ನಂಬರಿಗೆ ಫೋನ್ ಮಾಡಿ.” ಅಷ್ಟೇ. ಹಿಂದುಗಡೆ ಯುಡಿಐಡಿ, ಅಂದರೆ ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಕಾರ್ಡಿನ ನಂಬರ್.


ಯಲಹಂಕದ ಅಪ್ಪ

ಜೇಬಿನ ಕಾರ್ಡ್ ಆದರೆ ಒಪ್ಪಬಹುದು. ಆದರೆ ಅದರಲ್ಲಿ ಮನೆ ವಿಳಾಸ ಬೇಡ.


ಕರಿಕೋಟು

ವಕೀಲೆ. ಸ್ವಲ್ಪ ಉದ್ದ ಬರೆಯುತ್ತೇನೆ, ಎಎಸ್‌ಐ ಸರ್ ಬೈಯಬಾರದು, ಇದು ಹಾಳೆಯ ಮೇಲಿನ ಭಾಗಕ್ಕಲ್ಲ.

ಮುಖ್ಯ ವಿಷಯ ಇದು. ಕಾಯಿದೆ ನೊಂದವರಿಗೆ ಸಾಕಷ್ಟು ಕೊಟ್ಟಿದೆ, ಯಾರೂ ಕೇಳುವುದಿಲ್ಲ. ಆರೋಪಿಗೆ ಬಹಳ ಕಮ್ಮಿ ಕೊಟ್ಟಿದೆ, ಅದು ಯಾರಿಗೂ ಗೊತ್ತಿಲ್ಲ.

ನೊಂದವರ ವಿಷಯ ಮೊದಲು. ಹಳೆಯ ಸಿಆರ್‌ಪಿಸಿ ಬದಲು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ, ಲೈಂಗಿಕ ಅಪರಾಧದಂಥ ಕೆಲವು ಪ್ರಕರಣಗಳಲ್ಲಿ ನೊಂದವರು ಅಂಗವಿಕಲರಾಗಿದ್ದರೆ ಪೊಲೀಸರೇ ಅವರ ಮನೆಗೆ ಅಥವಾ ಅವರು ಹೇಳಿದ ಜಾಗಕ್ಕೆ ಹೋಗಿ ದೂರು ಬರೆದುಕೊಳ್ಳಬೇಕು. ದುಭಾಷಿ ಅಥವಾ ವಿಶೇಷ ಶಿಕ್ಷಕರು ಜೊತೆಗಿರಬೇಕು. ವಿಡಿಯೋ ಆಗಬೇಕು. ಮ್ಯಾಜಿಸ್ಟ್ರೇಟ್ ಮುಂದೆ ಹೇಳಿಕೆ ಕೊಡುವಾಗಲೂ 183ನೇ ಸೆಕ್ಷನ್‌ನಲ್ಲಿ ಇದೇ ಏರ್ಪಾಡಿದೆ, ಮತ್ತು ಆ ಹೇಳಿಕೆಯನ್ನೇ ಕೋರ್ಟಿನಲ್ಲಿ ಮುಖ್ಯ ವಿಚಾರಣೆಯ ಬದಲು ಬಳಸಬಹುದು, ಮತ್ತೆ ಎಲ್ಲ ಹೇಳಿಸಬೇಕಾಗಿಲ್ಲ. ಸಾಕ್ಷಿಗೆ ಅಂತ ಕರೆಯುವಾಗ 179ನೇ ಸೆಕ್ಷನ್ ನೆನಪಿಡಿ. ಮಾನಸಿಕ ಅಥವಾ ದೈಹಿಕ ಅಂಗವೈಕಲ್ಯ ಇರುವವರನ್ನು ಅವರು ವಾಸವಿರುವ ಜಾಗ ಬಿಟ್ಟು ಬೇರೆ ಕಡೆ ಬಾ ಅಂತ ಕಡ್ಡಾಯ ಮಾಡುವಂತಿಲ್ಲ. ಇದು ಎಲ್ಲ ಅಪರಾಧಕ್ಕೂ ಅನ್ವಯ. ಎಷ್ಟು ಜನ ತಾಯಂದಿರು ಮಗನನ್ನು ಆಟೋದಲ್ಲಿ ಹತ್ತಿಸಿಕೊಂಡು ಠಾಣೆಗೆ ಅಲೆಯುತ್ತಾರೆ!

18 ವರ್ಷದೊಳಗಿನ ಮಕ್ಕಳಾದರೆ, ಅವರ ಮೇಲಿನ ಲೈಂಗಿಕ ಅಪರಾಧಗಳಿಗೆಂದೇ ಇರುವ ಪೋಕ್ಸೊ ಕಾಯಿದೆ ಇನ್ನೂ ಮುಂದೆ ಹೋಗಿದೆ. ಹೇಳಿಕೆ ಪಡೆಯುವ ಅಧಿಕಾರಿ ಯೂನಿಫಾರ್ಮ್‌ನಲ್ಲಿ ಇರಬಾರದು.

ಈಗ ಆರೋಪಿ. ಇಂಗ್ಲೆಂಡಿನಲ್ಲಿ 1984ರ ಪೊಲೀಸ್ ಕಾಯಿದೆಯ ಸಂಹಿತೆ ಪ್ರಕಾರ, ದುರ್ಬಲ ಸ್ಥಿತಿಯ ವ್ಯಕ್ತಿಯನ್ನು ಹಿಡಿದರೆ ವಿಚಾರಣೆ ವೇಳೆ ಪೊಲೀಸರಲ್ಲದ ಒಬ್ಬ ವಯಸ್ಕರು ಪಕ್ಕದಲ್ಲಿ ಇರಲೇಬೇಕು. ಸುಮ್ನೆ ಕೂರಲು ಅಲ್ಲ, ಅರ್ಥವಾಯಿತೋ ಇಲ್ಲವೋ ನೋಡಲು. ನಮ್ಮಲ್ಲಿ ವಯಸ್ಕ ಆರೋಪಿಗೆ ಅಂಥ ಏರ್ಪಾಡಿಲ್ಲ. ಸಂಬಂಧಿಕರಿಗೆ ತಿಳಿಸಬೇಕು, ವಿಚಾರಣೆ ವೇಳೆ ವಕೀಲರನ್ನು ಭೇಟಿಯಾಗುವ ಹಕ್ಕಿದೆ, ಆದರೆ ಪೂರ್ತಿ ವಿಚಾರಣೆಗೆ ವಕೀಲರು ಕೂರುವಂತಿಲ್ಲ. ವಿಶೇಷ ಶಿಕ್ಷಕರ ಮಾತೇ ಇಲ್ಲ. ಹಾಗಾಗಿ ನಾವು ಹಿಡಿಯಬೇಕಾದ್ದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯ 12ನೇ ಸೆಕ್ಷನ್. ಕೋರ್ಟಿಗಷ್ಟೇ ಅಲ್ಲ, ತನಿಖೆ ಮಾಡುವ ಅಧಿಕಾರ ಇರುವ ಸಂಸ್ಥೆಗಳ ಮುಂದೆಯೂ ಭೇದಭಾವ ಇಲ್ಲದೆ ಹೋಗುವ ಹಕ್ಕು ಅಲ್ಲಿದೆ. ಪೊಲೀಸರು ಅದರೊಳಗೆ ಬರುತ್ತಾರೆ. ಇದನ್ನು ಬರೆದು ಅರ್ಜಿ ಕೊಡಿ, “ಇವನಿಗೆ ಅರ್ಥ ಮಾಡಿಸುವವರು ಪಕ್ಕದಲ್ಲಿ ಇರಲು ಅನುಮತಿ ಕೊಡಿ” ಅಂತ. ಬಾಯಿ ಮಾತಿಗೆ ಇಲ್ಲ ಅನ್ನುವುದು ಸುಲಭ, ಬರಹಕ್ಕೆ ಇಲ್ಲ ಅಂತ ಬರೆದು ಕೊಡುವುದು ಕಷ್ಟ.

ಸ್ವಲ್ಪ ಸಮಾಧಾನದ ವಿಷಯ: ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಯನ್ನು ಕೋರ್ಟಿನಲ್ಲಿ ಆರೋಪಿಯ ಮೇಲೆ ಸಾಕ್ಷ್ಯವಾಗಿ ಬಳಸುವಂತಿಲ್ಲ. ತನಿಖೆಯಲ್ಲಿ ಬರೆದುಕೊಂಡ ಹೇಳಿಕೆಗೆ ಸಹಿ ಹಾಕಬೇಕಾಗಿಯೂ ಇಲ್ಲ. ಅಮ್ಮನವರ ಮಗ “ಕನ್ನಡಿ ಬಿಚ್ಚಿದ್ದು” ಅಂದದ್ದು ಕೋರ್ಟಿನಲ್ಲಿ ನಿಲ್ಲುತ್ತಿರಲಿಲ್ಲ. ಆದರೆ ಕೋರ್ಟ್ ತನಕ ಹೋಗುವಷ್ಟರಲ್ಲಿ ಏನೇನಾಗುತ್ತದೆ ಅನ್ನುವುದೇ ಕಷ್ಟ.


ಹನುಮಂತನಗರದ ಅಮ್ಮ

ಮೇಡಂ, ಒಂದು ಅನುಮಾನ. ಮಗನಿಗೆ 18 ದಾಟಿದೆ. “ಅವನು ಮೇಜರ್, ನೀವು ಹೊರಗಿರಿ” ಅಂದರೆ?


ಕರಿಕೋಟು

ಒಳ್ಳೆ ಪ್ರಶ್ನೆ ಅಕ್ಕಾ. 18 ತುಂಬಿದ ಮೇಲೆ ತಾಯಿ ಅನ್ನುವ ಕಾರಣಕ್ಕೇ ನೀವು ಕಾನೂನಿನ ಪ್ರಕಾರ ಪಾಲಕರಾಗುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹು ಅಂಗವೈಕಲ್ಯ ಇದ್ದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಲ್ಲಿ ಜಿಲ್ಲಾಧಿಕಾರಿ ನೇತೃತ್ವದ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಪಾಲಕತ್ವ ಪಡೆಯಬಹುದು. ಆ ಆದೇಶದ ಜೆರಾಕ್ಸ್ ಪರ್ಸಿನಲ್ಲಿದ್ದರೆ ಮಾತು ಬೇಗ ಮುಗಿಯುತ್ತದೆ. ಆದರೆ ಹೆಡ್‌ಫೋನ್ ಅವರಂಥವರಿಗೆ ಪಾಲಕರು ಬೇಡ, ಜೊತೆಗಾರರು ಬೇಕು. ಎರಡನ್ನೂ ಒಂದೇ ಅಂತ ನೋಡಬೇಡಿ. 2016ರ ಕಾಯಿದೆ ವ್ಯಕ್ತಿಯ ಜೊತೆ ಕೂತು ತೀರ್ಮಾನ ಮಾಡುವ ಸೀಮಿತ ಪಾಲಕತ್ವದ ಕಡೆಗೇ ಒಲವು ತೋರಿಸುತ್ತದೆ.

ವಕೀಲರಿಗೆ ದುಡ್ಡಿಲ್ಲ ಅಂದರೆ 15100ಕ್ಕೆ ಫೋನ್ ಮಾಡಿ. ಅಂಗವಿಕಲರಿಗೆ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಇದೆ. ನಮ್ಮ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ.


ಮರೆವಿನ ಮಹಾರಾಜ

ನನಗೆ ಎಡಿಎಚ್‌ಡಿ. ನಮ್ಮಂಥವರನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಆ 2016ರ ಕಾಯಿದೆಯಲ್ಲಿ 21 ಬಗೆಯ ಅಂಗವೈಕಲ್ಯದ ಪಟ್ಟಿ ಇದೆ, ಆಟಿಸಂ ಇದೆ, ಕಲಿಕಾ ತೊಂದರೆ ಇದೆ, ಎಡಿಎಚ್‌ಡಿ ಹೆಸರು ಇಲ್ಲ. ಯುಡಿಐಡಿ ಕಾರ್ಡ್ ಎಲ್ಲಿಂದ ತರಲಿ?

ಒಂದು ಸಣ್ಣ ಗಲಾಟೆ ಕೇಸಿನಲ್ಲಿ ನನಗೆ ಹಾಜರಾಗಲು ನೋಟಿಸ್ ಬಂದಿತ್ತು. ಫ್ರಿಜ್ ಮೇಲೆ ಅಂಟಿಸಿದ್ದೆ. ದಿನಾ ನೋಡುತ್ತಿದ್ದೆ. ನೋಡಿ ನೋಡಿ ಅದು ಫ್ರಿಜ್ಜಿನ ಭಾಗವೇ ಆಗಿಬಿಟ್ಟಿತು. ತಾರೀಕು ದಾಟಿದ ಮೇಲೆ ಅಕ್ಕ ನೋಡಿ ಕಿರುಚಿದಳು. ಹೋದರೆ “ಬೇಕಂತಲೇ ತಪ್ಪಿಸಿಕೊಂಡೆ” ಅಂದರು.


ಕರಿಕೋಟು

ಮಹಾರಾಜರೇ, ಇದು ತಮಾಷೆ ಅಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 35ನೇ ಸೆಕ್ಷನ್‌ನ ನೋಟಿಸ್ ಪಾಲಿಸದಿದ್ದರೆ ಅದೇ ಬಂಧನಕ್ಕೆ ಕಾರಣವಾಗಬಹುದು. ಪಾಲಿಸುತ್ತಿದ್ದರೆ ಸುಮ್ಮಸುಮ್ಮನೆ ಬಂಧಿಸುವಂತಿಲ್ಲ, ಬಂಧಿಸಲೇಬೇಕು ಅನ್ನಿಸಿದರೆ ಕಾರಣ ಬರೆಯಬೇಕು. ಅಂದರೆ ಎಡಿಎಚ್‌ಡಿ ಇರುವವರಿಗೆ ಈ ಒಂದು ಕಾಗದದ ಮೇಲೆ ಜಾಸ್ತಿ ನಿಂತಿದೆ. ನೋಟಿಸ್ ಕೈಗೆ ಬಂದ ಗಳಿಗೆಯಲ್ಲೇ ಇನ್ನೊಬ್ಬರಿಗೆ ಫೋಟೋ ಕಳಿಸಿ. ಆ ದಿನ ಬೆಳಗ್ಗೆ ಫೋನ್ ಮಾಡಿ ನೆನಪಿಸುವಂತೆ ಪೊಲೀಸರನ್ನೇ ಕೇಳಿ, ಎಷ್ಟೋ ಜನ ಮಾಡುತ್ತಾರೆ.

ವಾಟ್ಸಾಪ್‌ನಲ್ಲಿ ಬಂದ ನೋಟಿಸ್ ಬೇರೆ ವಿಷಯ. ಹಾಗೆ ಕಳಿಸಿದ್ದನ್ನು ಸರಿಯಾದ ಜಾರಿ ಅಂತ ಲೆಕ್ಕ ಹಿಡಿಯುವಂತಿಲ್ಲ ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದನ್ನು ನಮ್ಮ ಮಕ್ಕಳಿಗೆ ಖಂಡಿತ ಹೇಳಿಕೊಡಿ. ಯಾಕಂದರೆ ಯೂನಿಫಾರ್ಮ್ ಹಾಕಿಕೊಂಡು ವಿಡಿಯೋ ಕಾಲ್ ಮಾಡಿ “ಡಿಜಿಟಲ್ ಅರೆಸ್ಟ್” ಅನ್ನುವ ಕಳ್ಳರಿದ್ದಾರೆ. ಹೇಳಿದ ಮಾತನ್ನು ಹೇಳಿದ ಹಾಗೇ ನಂಬುವವರು ಮೊದಲು ಬೀಳುವುದು ಅಲ್ಲಿ. ಹಾಗೊಂದು ಬಂಧನ ನಮ್ಮ ಯಾವ ಕಾಯಿದೆಯಲ್ಲೂ ಇಲ್ಲ.


ಸುಮ್ನೆ ಓದುವವನು

ಇಷ್ಟೆಲ್ಲ ಯಾಕೆ? ಅನುಮಾನ ಬಂದರೆ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ ಅಂತ ಒಂದು ಸಾಲು ಬರೆದರೆ ಸಾಲದಾ? ಹತ್ತಿರವೇ ಇದೆ.


ಚಿತ್ರಪಟ ಟೀಚರ್

ಇಲ್ಲ, ದಯವಿಟ್ಟು ಬೇಡ. ಆಟಿಸಂ ಕಾಯಿಲೆ ಅಲ್ಲ, ಒಂದು ಇಂಜೆಕ್ಷನ್ ಹಾಕಿ ಕಳಿಸಲು. ಗದ್ದಲದಿಂದ ಕಂಗಾಲಾದವನನ್ನು ಇನ್ನೊಂದು ಗದ್ದಲದ ಜಾಗಕ್ಕೆ, ಎಮರ್ಜೆನ್ಸಿ ವಾರ್ಡಿಗೆ ಹಾಕಿದರೆ ಏನಾಗುತ್ತದೆ? 2017ರ ಮಾನಸಿಕ ಆರೋಗ್ಯ ಕಾಯಿದೆಯ 100ನೇ ಸೆಕ್ಷನ್ ಮಾನಸಿಕ ಕಾಯಿಲೆಯಿಂದ ಅಪಾಯದಲ್ಲಿ ಇರುವವರಿಗೆ, ಅಲೆಯುತ್ತಿರುವವರಿಗೆ. ಅಂಥವರನ್ನು ಲಾಕಪ್‌ನಲ್ಲಿ ಇಡಲೇಬಾರದು ಅಂತ ಅದರಲ್ಲಿದೆ, ಅದು ಒಳ್ಳೆಯದೇ. ಬೌದ್ಧಿಕ ಅಂಗವೈಕಲ್ಯವನ್ನು ಆ ಕಾಯಿದೆಯ ವ್ಯಾಖ್ಯೆಯೇ ಹೊರಗಿಟ್ಟಿದೆ. ನಮ್ಮ ಮಕ್ಕಳಲ್ಲಿ ಯಾರಿಗಾದರೂ ಜೊತೆಗೆ ತೀವ್ರ ಮನೋವ್ಯಥೆಯೂ ಇದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಆದರೆ ಮೊದಲ ಮದ್ದು ಮೌನ, ಕುಡಿಯಲು ನೀರು, ಗುರುತಿನ ಮುಖ.

ಒಂದು ಮಾತ್ರ ವೈದ್ಯರಿಗೆ ಸೇರಿದ್ದು. ನಮ್ಮ ಮಕ್ಕಳಲ್ಲಿ ಅನೇಕರಿಗೆ ಫಿಟ್ಸ್ ಇರುತ್ತದೆ. ಠಾಣೆಯಲ್ಲಿ ಕೂರಿಸಿಕೊಂಡು ರಾತ್ರಿಯ ಮಾತ್ರೆ ತಪ್ಪಿದರೆ ಪ್ರಾಣಕ್ಕೇ ಬರಬಹುದು. ಕಾರ್ಡಿನಲ್ಲಿ ಮಾತ್ರೆಯ ಹೆಸರು ಮತ್ತು ಹೊತ್ತು ಇರಲೇಬೇಕು. ಬಂಧಿಸಿದರೆ ವೈದ್ಯರ ತಪಾಸಣೆ ಆಗಬೇಕಲ್ಲ, ಆಗಲೂ ಹೇಳಿ ಬರೆಸಿ.


ನಿವೃತ್ತ ಎಎಸ್‌ಐ

ಮಾತ್ರೆ ವಿಷಯ ಹಾಳೆಯಲ್ಲಿ ಕೆಂಪು ಅಕ್ಷರದಲ್ಲಿ ಹಾಕಿ. ಇದನ್ನು ಯಾವ ಪೊಲೀಸರೂ ಕಡೆಗಣಿಸುವುದಿಲ್ಲ. ಕಸ್ಟಡಿಯಲ್ಲಿ ಏನಾದರೂ ಆದರೆ ನೌಕರಿಗೇ ಕುತ್ತು.

ಮಕ್ಕಳು ಕಾಣೆಯಾದಾಗಿನ ಸಾಲೂ ಬೇಕು. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ನೀರಿನ ಸೆಳೆತ ಜಾಸ್ತಿ. ಬಸ್‌ಸ್ಟ್ಯಾಂಡ್, ರೈಲ್ವೆ ಸ್ಟೇಷನ್ ಹುಡುಕುವ ಮೊದಲು ಹತ್ತಿರದ ಕೆರೆ, ಸಂಪು, ಕಟ್ಟಡದ ಪಾಯದ ಗುಂಡಿ ನೋಡಬೇಕು. ಹೆಸರು ಕೂಗಿದರೆ ಓಗೊಡುವುದಿಲ್ಲ. ಪೋಷಕರು 112ಕ್ಕೆ ಹೇಳುವಾಗ ಬಟ್ಟೆ ಬಣ್ಣದ ಜೊತೆ “ಇವನಿಗೆ ಏನಂದರೆ ಇಷ್ಟ” ಅನ್ನುವುದನ್ನೂ ಹೇಳಿ. ರೈಲು ಅಂದರೆ ಇಷ್ಟವಾದರೆ ಹುಡುಕುವ ದಾರಿಯೇ ಬೇರೆ. ಇನ್ನೊಂದು, ಮಗು ಕಾಣೆಯಾದರೆ 24 ಗಂಟೆ ಕಾಯಿರಿ ಅನ್ನುವ ಮಾತೇ ಇಲ್ಲ. 2013ರ ಸುಪ್ರೀಂ ಕೋರ್ಟ್ ಆದೇಶದ ಮೇಲೆ ಕೂಡಲೇ ಎಫ್‌ಐಆರ್ ಮಾಡಬೇಕು.


ಯಲಹಂಕದ ಅಪ್ಪ

ಕೋರ್ಟಿನ ವಿಷಯ ಯಾರೂ ಹೇಳಲಿಲ್ಲ. ಠಾಣೆ ದಾಟಿದ ಮೇಲೆ?


ಚಿತ್ರಪಟ ಟೀಚರ್

ಹೇಳಿಕೆಗಳಿಗೆ ವಿಶೇಷ ಶಿಕ್ಷಕಿಯಾಗಿ ನಾನು ಹೋಗುತ್ತೇನೆ. ಪ್ರಕರಣದ ವಿವರ ಹೇಳುವಂತಿಲ್ಲ, ಹೇಳುವುದೂ ಇಲ್ಲ. ಆದರೆ ಒಂದು ಸಂಗತಿ ಎಲ್ಲರಿಗೂ ಉಪಯೋಗಕ್ಕೆ ಬರುತ್ತದೆ. ಮಾತು ಬಾರದ ಒಬ್ಬರು ತಮ್ಮ ಚಿತ್ರಗಳ ಪುಸ್ತಕದಲ್ಲಿ ಬೆರಳಿಟ್ಟು ಉತ್ತರ ಹೇಳುತ್ತಿದ್ದರು. ವಿಡಿಯೋ ಮಾಡುವವರು ಕ್ಯಾಮೆರಾವನ್ನು ಅವರ ಮುಖಕ್ಕೆ ಹಿಡಿದಿದ್ದರು. ಎಲ್ಲರೂ ಹಾಗೇ ಹಿಡಿಯುತ್ತಾರೆ. ಆದರೆ ಸಾಕ್ಷ್ಯ ಇದ್ದದ್ದು ಬೆರಳಿನಲ್ಲಿ! ಮುಖದಲ್ಲಿ ಏನೂ ಇಲ್ಲ. ನಾನು ಕೈ ಎತ್ತಿ ಹೇಳಿದೆ. ಕ್ಯಾಮೆರಾ ಕೆಳಗಿಳಿಸಿ, ಪುಸ್ತಕ, ಕೈ, ಮುಖ ಮೂರೂ ಬರುವಂತೆ ಇಟ್ಟರು. ಹಾಗೇ ಬಿಟ್ಟಿದ್ದರೆ ಮುಂದೆ ಕೋರ್ಟಿನಲ್ಲಿ “ಟೀಚರೇ ಉತ್ತರ ಹೇಳಿದರು” ಅಂದರೆ ನಾವು ಏನು ತೋರಿಸಬೇಕಿತ್ತು?

ಇನ್ನೊಂದು, ಚಿತ್ರಗಳ ಪುಸ್ತಕ ಅವರದ್ದೇ ಇರಬೇಕು. ಹೊಸ ಪುಸ್ತಕ ಕೊಟ್ಟರೆ ಹೊಸ ಭಾಷೆ ಕೊಟ್ಟಂತೆ. ಮತ್ತು ಅವರ ಪುಸ್ತಕದಲ್ಲಿ ಮೈಯ ಭಾಗಗಳ ಚಿತ್ರ, “ಬೇಡ”, “ನೋವು”, “ಗೊತ್ತಿಲ್ಲ” ಇರಬೇಕು. ಎಷ್ಟೋ ಪುಸ್ತಕಗಳಲ್ಲಿ ಇಡ್ಲಿ, ಚಪಾತಿ, ಪಾರ್ಕ್ ಇರುತ್ತದೆ, ಇವು ಇರುವುದಿಲ್ಲ. ಆದ ಅನ್ಯಾಯ ಹೇಳಲು ಅವರ ಹತ್ತಿರ ಚಿತ್ರವೇ ಇಲ್ಲ. ಪೋಷಕರೇ, ಇದನ್ನು ಇವತ್ತೇ ಸೇರಿಸಿ.


ಕರಿಕೋಟು

ಟೀಚರ್ ಹೇಳಿದ್ದಕ್ಕೆ ಕಾಯಿದೆಯ ಬಲ ಇದೆ. ಮಾತು ಬಾರದವರು ಬರೆದು ಅಥವಾ ಸನ್ನೆಯಿಂದ ಸಾಕ್ಷಿ ಹೇಳಿದರೆ ಅದು ಬಾಯಿ ಸಾಕ್ಷ್ಯಕ್ಕೆ ಸಮ. ಅಂಗವೈಕಲ್ಯ ಇರುವ ಹೆಣ್ಣುಮಗಳ ಸಾಕ್ಷ್ಯವನ್ನು ಅದೇ ಕಾರಣಕ್ಕೆ ದುರ್ಬಲ ಅಂತ ನೋಡಬಾರದು ಅಂತ 2021ರ ಪಟಾನ್ ಜಮಾಲ್ ವಲಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪೊಲೀಸರಿಗೆ, ನ್ಯಾಯಾಧೀಶರಿಗೆ ತರಬೇತಿ ಬೇಕು ಅಂತಲೂ ಅದರಲ್ಲಿದೆ. 2022ರ ಸ್ಮೃತಿ ಬಡಾಡೆ ಪ್ರಕರಣದಲ್ಲಿ ದುರ್ಬಲ ಸಾಕ್ಷಿಗಳ ಕೇಂದ್ರ ಪ್ರತಿ ಜಿಲ್ಲೆಯಲ್ಲೂ ಇರಬೇಕು ಅಂದರು. ಮಕ್ಕಳಷ್ಟೇ ಅಲ್ಲ, ಅಂಗವಿಕಲರೂ ಅದಕ್ಕೆ ಸೇರುತ್ತಾರೆ. ಆರೋಪಿಯ ಮುಖ ನೋಡದೆ, ಬೇರೆ ಕೋಣೆಯಿಂದ ಸಾಕ್ಷಿ ಹೇಳಬಹುದು. ಸಮನ್ಸ್ ಬಂದ ಕೂಡಲೇ ಸರ್ಕಾರಿ ವಕೀಲರನ್ನು ಕಂಡು ಆ ಕೋಣೆ ಬೇಕು ಅಂತ ಅರ್ಜಿ ಹಾಕಿಸಿ. ಹಿಂದಿನ ದಿನ ಹೋಗಿ ಕೋಣೆ ತೋರಿಸಿಕೊಂಡು ಬನ್ನಿ. ಸಾಕ್ಷಿಯ ದಿನ ಕೇಸನ್ನು ಮೊದಲಿಗೇ ಕೂಗಿಸಲು ಕೇಳಿ, ಕಾರಿಡಾರಿನಲ್ಲಿ ಕಾದರೆ ಮಧ್ಯಾಹ್ನಕ್ಕೆ ಮಗು ಮಗುವಾಗಿ ಉಳಿದಿರುವುದಿಲ್ಲ.


ಹೆಡ್‌ಫೋನ್

ನನ್ನ ಕೊನೆಯ ಮಾತು. ಪೊಲೀಸರ ಹಾಳೆಯ ಜೊತೆ ನಮಗೂ ಒಂದು ಹಾಳೆ ಬೇಕು. ಠಾಣೆ ಹೇಗಿರುತ್ತದೆ, ಒಳಗೆ ಯಾವ ಸದ್ದು ಇರುತ್ತದೆ, ಏನು ಕೇಳುತ್ತಾರೆ, ಎಷ್ಟು ಹೊತ್ತು. “ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬಹುದು. ಅರ್ಥವಾಗದಿದ್ದರೆ ಮತ್ತೆ ಕೇಳಬಹುದು. ಓದದೆ ಸಹಿ ಮಾಡಬೇಡ. ನೀರು ಕೇಳಬಹುದು. ದೂರು ಕೊಟ್ಟರೆ ಎಫ್‌ಐಆರ್ ಪ್ರತಿ ದುಡ್ಡಿಲ್ಲದೆ ಸಿಗುತ್ತದೆ.” ಚಿಕ್ಕ ವಾಕ್ಯ, ಪಕ್ಕದಲ್ಲಿ ಚಿತ್ರ. ಅಚ್ಚು ಹಾಕುವ ಮೊದಲು ನಮ್ಮಂಥವರಿಗೇ ಕೊಟ್ಟು ಓದಿಸಿ. ಪೋಷಕರ ಕಮಿಟಿ ಒಪ್ಪಿದರೆ ಸಾಲದು. ನಾನು ಓದಿ ತಪ್ಪು ಹುಡುಕಿ ಕೊಡುತ್ತೇನೆ, ಅದೇ ನನ್ನ ಕಸುಬು.


ಮರೆವಿನ ಮಹಾರಾಜ

ನಾನೂ ಓದುತ್ತೇನೆ. ನೆನಪಿಸಿ.


ಹನುಮಂತನಗರದ ಅಮ್ಮ

ಸರಿ. ಎರಡು ಹಾಳೆ, ಒಂದು ಜೇಬಿನ ಕಾರ್ಡ್. ಈ ಭಾನುವಾರ ಕರಡು ಹಾಕುತ್ತೇನೆ. ಕಾರ್ಡಿನಲ್ಲಿ ಫೋಟೋ ಇರಬೇಕಾ ಬೇಡವಾ ಅನ್ನುವುದು ಇನ್ನೂ ಬಗೆಹರಿದಿಲ್ಲ, ಯಲಹಂಕದ ಸರ್ ಬೇಡ ಅನ್ನುತ್ತಾರೆ, ನನಗೆ ಬೇಕು ಅನ್ನಿಸುತ್ತದೆ. ಎಎಸ್‌ಐ ಸರ್, ಠಾಣೆಗೆ ಹೇಗೆ ಕೊಡುವುದು? ನೇರ ಹೋಗಿಬಿಡಲೇ?


ನಿವೃತ್ತ ಎಎಸ್‌ಐ

ಮೊದಲು ಡಿಸಿಪಿ ಕಚೇರಿಯ ಟಪಾಲಿನಲ್ಲಿ ಒಂದು ಪ್ರತಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ತಾರೀಕು ಹಾಕಿಸಿಕೊಳ್ಳಿ. ಒಂದು ಪ್ರತಿ ಅಂಗವಿಕಲರ ರಾಜ್ಯ ಆಯುಕ್ತರ ಕಚೇರಿಗೂ ಹೋಗಲಿ. ಆಮೇಲೆ ಠಾಣೆಯಲ್ಲಿ ಮಾಸಿಕ ಜನಸಂಪರ್ಕ ದಿವಸ ಮಾಡುತ್ತಾರಲ್ಲ, ಅವತ್ತು ಹೋಗಿ. ಅವತ್ತು ಮೇಲಿನವರೂ ಬಂದಿರುತ್ತಾರೆ, ಎಲ್ಲರ ಮುಂದೆ ಕೊಟ್ಟರೆ ಗಾಜಿನ ಕೆಳಗೆ ಹೋಗುವ ಸಾಧ್ಯತೆ ಜಾಸ್ತಿ. ಮಗನನ್ನೂ ಕರೆದುಕೊಂಡು ಹೋಗಿ, ಬೀಟ್‌ನವರಿಗೆ ಪರಿಚಯ ಮಾಡಿಸಿ. ಠಾಣೆ ಮುಂದೆ ಸೀಜ್ ಮಾಡಿದ ಬೈಕುಗಳು ಬೇಕಾದಷ್ಟು ನಿಂತಿರುತ್ತವೆ, ನಂಬರ್ ಓದಿಕೊಳ್ಳಲಿ. ಲ್ಯಾಮಿನೇಷನ್ ಮಾತ್ರ ಹೊಳಪಿನದ್ದು ಮಾಡಿಸಬೇಡಿ, ಲೈಟ್ ಬಿದ್ದರೆ ಓದಲು ಆಗುವುದಿಲ್ಲ.